ಊರಿನ ಕಲೆಗೆ ಸರ್ಕಾರದ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಕ ಸಂಘ, ಭಜನಾ ಮಂಡಳಿ, ಡೊಳ್ಳಿನ ತಂಡ, ದೊಡ್ಡಾಟದ ಮೇಳ, ಸಂಜೆ ಹೊತ್ತು ಮಕ್ಕಳಿಗೆ ಹಾಡು ಹೇಳಿಕೊಡುವ ಟೀಚರು. ಇವುಗಳಲ್ಲಿ ಒಂದಾದರೂ ಇಲ್ಲದ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇವರಿಗೆ ಪಂಚಾಯಿತಿಯಿಂದಲೋ ಪುರಸಭೆಯಿಂದಲೋ ವರ್ಷಾ ವರ್ಷಾ ಒಂದಿಷ್ಟು ದುಡ್ಡು ಬರುವ ಹಾಗೆ ಮಾಡಬೇಕು ಅಂತ ಓಡಾಡುವವರಿಗಾಗಿ ಈ ಪುಟ. ಸಭೆಗಳಲ್ಲಿ, ಫೋನಿನಲ್ಲಿ, ಚಹಾದಂಗಡಿಯಲ್ಲಿ ಜನ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಹಾಕಿದ್ದೇವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕೇ ಸಾಲು ಸಾಕಾಯಿತು.

ಕಲೆ ಚೆನ್ನಾಗಿದ್ದರೆ ಜನ ಟಿಕೆಟ್ ತಗೊಂಡು ನೋಡ್ತಾರೆ. ಸರ್ಕಾರ ಯಾಕೆ ದುಡ್ಡು ಕೊಡಬೇಕು?

ಟಿಕೆಟ್ ಮೇಲೆ ಬದುಕಿದ ಕಲೆ ನಮ್ಮಲ್ಲಿದೆ, ಸುಳ್ಳಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ, ಜನ ದುಡ್ಡು ಕೊಟ್ಟೇ ಒಳಗೆ ಹೋಗುತ್ತಾರೆ. ಕರಾವಳಿಯಲ್ಲಿ ಕಟೀಲು ಯಕ್ಷಗಾನ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಇವಕ್ಕೆ ಪಂಚಾಯಿತಿಯ ದುಡ್ಡಿನ ಹಂಗಿಲ್ಲ.

ಆದರೆ ಟಿಕೆಟ್‌ನಿಂದ ಏಳುವುದು ಆ ಒಂದು ರಾತ್ರಿಯ ಖರ್ಚು. ತಾಲೀಮು ನೋಡಲು ಯಾರೂ ಟಿಕೆಟ್ ತಗೊಳ್ಳುವುದಿಲ್ಲ. ಮದ್ದಳೆ ಕೈಗೆ ಹತ್ತಲು ವರ್ಷಗಳು ಬೇಕು. ಅಷ್ಟು ವರ್ಷ ಕಲಿಸುವವರ ಮನೆ ನಡೆಯಬೇಕು, ಕಲಿಯುವವರ ಕೂಲಿ ತಪ್ಪಬಾರದು.

ಮಂಡ್ಯ, ತುಮಕೂರು, ಹಾಸನದ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವುದನ್ನು ನೋಡಿ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಲೈಟು, ಮೈಕು, ಊಟ. ಇದನ್ನೆಲ್ಲ ಸಾಮಾನ್ಯವಾಗಿ ಪಾತ್ರ ಮಾಡುವವರೇ ಹಂಚಿಕೊಳ್ಳುತ್ತಾರೆ. ಕೃಷ್ಣನಿಗೆ, ದುರ್ಯೋಧನನಿಗೆ ಪಾಲು ಜಾಸ್ತಿ. ಚಿಕ್ಕ ಪಾತ್ರಕ್ಕೆ ಕಡಿಮೆ. ಹಾಗಾಗಿ ಒಳ್ಳೆ ಕಂಠ ಇರುವ ಕೂಲಿ ಹುಡುಗ ದ್ವಾರಪಾಲಕನಾಗಿ ಕೋಲು ಹಿಡಿದು ನಿಲ್ಲುತ್ತಾನೆ. ಸೈಟು ಮಾರಿದ ದುಡ್ಡು ಕೈಲಿರುವವರು ಶ್ರುತಿ ತಪ್ಪಿಸಿಕೊಂಡು ಕಂದ ಪದ್ಯ ಹಾಡುತ್ತಾರೆ. ಸಾರ್ವಜನಿಕ ದುಡ್ಡು ಯಾಕೆ ಬೇಕು ಅಂದರೆ ನಾನು ಮೊದಲು ಹೇಳುವುದು ಆ ಕೂಲಿ ಹುಡುಗನ ವಿಷಯ.

ರಸ್ತೆ ಇಲ್ಲ, ಚರಂಡಿ ಇಲ್ಲ, ನೀರಿಲ್ಲ. ಇದರ ಮಧ್ಯೆ ಡೊಳ್ಳಿಗೆ ದುಡ್ಡಾ?

ಪ್ರತಿ ಗ್ರಾಮಸಭೆಯಲ್ಲೂ ಈ ಮಾತು ಬರುತ್ತದೆ. ಕೇಳುವವರ ಮೇಲೆ ಸಿಟ್ಟಾಗಬೇಡಿ, ನಲ್ಲಿಯಲ್ಲಿ ನೀರು ಬರದ ಮನೆಯವರು ಹಾಗೇ ಕೇಳುತ್ತಾರೆ.

ನೀರಿನ ದುಡ್ಡನ್ನು ಕಿತ್ತು ಡೊಳ್ಳಿಗೆ ಕೊಡಲು ಯಾರಿಗೂ ಆಗುವುದಿಲ್ಲ ಅನ್ನುವುದನ್ನು ತಿಳಿಸಿ ಹೇಳಿ. 2021–26ರ 15ನೇ ಹಣಕಾಸು ಆಯೋಗದ ಅನುದಾನವನ್ನೇ ತಗೊಳ್ಳಿ. ಅದರಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು, ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. ಉಳಿದ ಶೇ 40 ಭಾಗ ಊರಿನ ಅಗತ್ಯ ನೋಡಿಕೊಂಡು ಖರ್ಚು ಮಾಡುವಂಥದ್ದು. ನಾವು ಕೇಳುವುದು ಅಂಥ ಮುಕ್ತ ದುಡ್ಡಿನಲ್ಲಿ, ಇಲ್ಲವೇ ಪಂಚಾಯಿತಿಯ ಸ್ವಂತ ತೆರಿಗೆ ದುಡ್ಡಿನಲ್ಲಿ ಒಂದು ಚಿಕ್ಕ ತುಣುಕು.

ಇನ್ನೊಂದು ವಿಷಯ ಹೇಳಿದರೆ ಸಭೆ ಸ್ವಲ್ಪ ಯೋಚನೆ ಮಾಡುತ್ತದೆ. ನಾವೆಲ್ಲ ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆಗೆ ಶೇ 6 ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. "ರಸ್ತೆ ಆಗುವ ತನಕ ಪುಸ್ತಕ ಬೇಡ" ಅಂತ ಯಾರೂ ಅನ್ನಲಿಲ್ಲ. ಓದುವುದಕ್ಕೆ ಊರಿನ ತೆರಿಗೆ ಸಲ್ಲುತ್ತದೆ ಅಂದಮೇಲೆ ಹಾಡುವುದಕ್ಕೆ, ಕುಣಿಯುವುದಕ್ಕೆ ಯಾಕೆ ಸಲ್ಲಬಾರದು? ಹೊಸ ಕರ ಹಾಕಿ ಅಂತ ಮಾತ್ರ ಹೇಳಬೇಡಿ. ಹೊಸ ಕರ ಅಂದ ಕೂಡಲೇ ಇಡೀ ಊರು ನಿಮ್ಮ ಎದುರಿಗೆ ನಿಲ್ಲುತ್ತದೆ.

"ಕಲೆಗೆ ಖರ್ಚು ಮಾಡೋಕೆ ಅವಕಾಶವೇ ಇಲ್ಲ" ಅಂತಾರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ನಿಜವಾ?

ಇಲ್ಲ, ಅವಕಾಶ ಇದೆ. ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. 20ನೆಯದು ಗ್ರಂಥಾಲಯ, 21ನೆಯದು ಸಾಂಸ್ಕೃತಿಕ ಚಟುವಟಿಕೆ, 22ನೆಯದು ಸಂತೆ ಮತ್ತು ಜಾತ್ರೆ. ಪಟ್ಟಣದವರಾದರೆ 74ನೇ ತಿದ್ದುಪಡಿಯ 12ನೇ ಅನುಸೂಚಿ ನೋಡಿ. ಅದರ 13ನೇ ಅಂಶದಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳನ್ನು ಬೆಳೆಸುವುದು ನಗರಸಭೆಗಳ ಕೆಲಸ ಅಂತ ಇದೆ. ಎರಡೂ ಜಾರಿಗೆ ಬಂದದ್ದು 1993ರಲ್ಲಿ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು.

ಇಷ್ಟು ಗೊತ್ತಾಯಿತು ಅಂತ ಪಿಡಿಒ ಟೇಬಲ್ ಮುಂದೆ ನಿಂತು ಸಂವಿಧಾನ ಓದಬೇಡಿ. ಅವರಿಗೆ ಇರುವ ಭಯ ಬೇರೆ. ನಾಳೆ ಆಡಿಟ್‌ನವರು ಬಂದು ಆಕ್ಷೇಪಣೆ ಬರೆದರೆ ಉತ್ತರ ಕೊಡಬೇಕಾದವರು ಅವರು. ಆದ್ದರಿಂದ ಮನವಿ ಪತ್ರದಲ್ಲೇ "11ನೇ ಅನುಸೂಚಿಯ 21ನೇ ವಿಷಯದಡಿ" ಅಂತ ಒಂದು ಸಾಲು ಬರೆದುಕೊಡಿ. ಕಡತದಲ್ಲಿ ಆ ಸಾಲು ಇದ್ದರೆ ಅವರ ಕೈ ಸಲೀಸಾಗಿ ಸಹಿಗೆ ಹೋಗುತ್ತದೆ.

ಹಾಗಾದರೆ ದುಡ್ಡು ಎಲ್ಲೆಲ್ಲಿದೆ?

ಒಂದೇ ಕಡೆ ಇಲ್ಲ, ಅದೇ ತಲೆನೋವು. ಹತ್ತಿರದಿಂದ ದೂರಕ್ಕೆ ಹೋಗೋಣ.

ಮೊದಲನೆಯದು ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲ. ಮನೆ ಕಂದಾಯ, ಅಂಗಡಿ ಬಾಡಿಗೆ, ಸಂತೆ ಹರಾಜು ಇತ್ಯಾದಿ. ಮೊತ್ತ ಚಿಕ್ಕದು, ಆದರೆ ತೀರ್ಮಾನ ಊರಲ್ಲೇ ಆಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ದುಡ್ಡು ಇದೇ. ಇದರಲ್ಲಿ ಪರಿಶಿಷ್ಟರಿಗೆ ಮೀಸಲಿಡುವ ಶೇ 25ರ ಪಾಲು ಬೇರೆ ಇರುತ್ತದೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಈ ಪಾಲು ಶೇ 24.10, ಅಲ್ಲಿ ಇದನ್ನು ಶೇ 24.10ರ ಯೋಜನೆ ಅಂತಲೇ ಕರೆಯುತ್ತಾರೆ. ತಮಟೆ, ಉರುಮೆ, ನಗಾರಿ ತಂಡಗಳಿಗೆ ವಾದ್ಯ ಬೇಕಿದ್ದರೆ ಈ ಬಾಗಿಲನ್ನೂ ತಟ್ಟಿ ನೋಡಿ.

ಎರಡನೆಯದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಪ್ರತಿ ಜಿಲ್ಲಾ ಕೇಂದ್ರದಲ್ಲಿ ಅದರ ಕಚೇರಿ ಇದೆ. ಸಂಘ ಸಂಸ್ಥೆಗಳಿಗೆ ಧನಸಹಾಯ, ವಾದ್ಯ ಮತ್ತು ವೇಷಭೂಷಣ ಕೊಳ್ಳಲು ನೆರವು, ಯುವ ಕಲಾವಿದರಿಗೆ ಯುವ ಸೌರಭ, ಮಕ್ಕಳಿಗೆ ಚಿಗುರು, ಪರಿಶಿಷ್ಟ ಜಾತಿಯ ಕಲಾವಿದರಿಗೆ ಜನಪರ ಉತ್ಸವ, ಬುಡಕಟ್ಟಿನವರಿಗೆ ಗಿರಿಜನ ಉತ್ಸವ ಇವೆಲ್ಲ ಅಲ್ಲಿಂದ ಬರುತ್ತವೆ. ಧನಸಹಾಯದ ಅರ್ಜಿ ಹಾಕುವುದು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ.

ಮೂರನೆಯದು ಅಕಾಡೆಮಿಗಳು. ನಾಟಕ, ಜಾನಪದ, ಸಂಗೀತ ನೃತ್ಯ, ಲಲಿತಕಲೆ, ಶಿಲ್ಪಕಲೆ, ಯಕ್ಷಗಾನ ಹೀಗೆ ಒಂದೊಂದಕ್ಕೆ ಒಂದೊಂದು. ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲಿದೆ. ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆ ಅಕಾಡೆಮಿಗಳೂ ಕಲೆಯ ಕೆಲಸಕ್ಕೆ ಕೈ ಹಾಕುತ್ತವೆ. ಇವರ ಬಜೆಟ್ ಜಾಸ್ತಿ ಇಲ್ಲ. ತರಬೇತಿ ಶಿಬಿರಕ್ಕೆ ಕೇಳಿದರೆ ಒಪ್ಪುವ ಸಾಧ್ಯತೆ ಇದೆ.

ನಾಲ್ಕನೆಯದು ಶಾಸಕರ ನಿಧಿ, ಸಂಸದರ ನಿಧಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಇದು ಹೆಚ್ಚಾಗಿ ಕಟ್ಟಡಕ್ಕೇ ಹೋಗುತ್ತದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆ ನೆರವು, ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ ಇವೆಲ್ಲ ಇವೆ. ಆದರೆ ಅವು ಆಗಲೇ ಕಾಗದ ಪತ್ರ ಗಟ್ಟಿ ಇರುವ ತಂಡಗಳಿಗೆ. ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ದುಡ್ಡನ್ನೂ 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯ ಪ್ರಕಾರ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಲೆಗಳಿಗೆ ಬಳಸಬಹುದು. ನಿಮ್ಮ ತಾಲ್ಲೂಕಿನಲ್ಲಿ ದೊಡ್ಡ ಕಾರ್ಖಾನೆ ಇದ್ದರೆ ಪತ್ರ ಬರೆಯಿರಿ. ಅದನ್ನೇ ನಂಬಿ ಕೂರಬೇಡಿ.

ಎಷ್ಟು ಕೇಳಬೇಕು? ಏನಂತ ಕೇಳಬೇಕು?

ಚಿಕ್ಕದಾಗಿ ಕೇಳಿ, ಪ್ರತಿ ವರ್ಷ ಬರುವ ಹಾಗೆ ಕೇಳಿ, ಕಲಿಸುವುದಕ್ಕೆ ಅಂತ ಕೇಳಿ. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

"ಕಲೆಗೆ ಪ್ರೋತ್ಸಾಹ ಕೊಡಬೇಕೆಂದು ಕೋರುತ್ತೇವೆ" ಅಂತ ಬರೆದ ಮನವಿಗೆ ಸಿಗುವುದು ಶಾಲು, ಹಾರ, ಒಂದು ಫೋಟೋ. ಲೆಕ್ಕ ಬರೆದ ಮನವಿಗೆ ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ. ಒಂದು ಮಾದರಿ ನೋಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಡೊಳ್ಳು ಕಲಿಸಬೇಕು. ವಾರಕ್ಕೆ ಎರಡು ದಿನದಂತೆ ಆರು ತಿಂಗಳು, ಅಂದರೆ 52 ತರಗತಿ. ಕಲಿಸುವವರಿಗೆ ತರಗತಿಗೆ ₹500, ಒಟ್ಟು ₹26,000. ಇರುವ ಡೊಳ್ಳುಗಳಿಗೆ ಹೊಸ ಚರ್ಮ, ಹಗ್ಗ ಕಟ್ಟಿಸಲು ₹6,000. ಮಕ್ಕಳಿಗೆ ಪ್ರತಿ ಸಲ ಚುರುಮುರಿ, ಟೀ ಅಂತ ₹150ರಂತೆ ₹7,800. ಕೊನೆಗೆ ಊರ ಮುಂದೆ ಒಂದು ಪ್ರದರ್ಶನ, ಮೈಕು ಲೈಟಿಗೆ ₹8,000. ಒಟ್ಟು ₹47,800. ದರ ನಿಮ್ಮ ಊರಿನದು ಹಾಕಿಕೊಳ್ಳಿ, ಆದರೆ ಪಟ್ಟಿ ಹೀಗಿರಲಿ.

ಚುರುಮುರಿಯ ಸಾಲು ನೋಡಿ ಸದಸ್ಯರು ನಗಬಹುದು. ಆ ಸಾಲನ್ನು ತೆಗೆಯಬೇಡಿ. ಸಂಜೆ ಐದಕ್ಕೆ ಹೊಟ್ಟೆ ಹಸಿದ ಮಗು ಡೊಳ್ಳು ಎತ್ತುವುದಿಲ್ಲ, ಮನೆಗೆ ಓಡುತ್ತದೆ. ಹೀಗೆ ನಿಂತುಹೋದ ತರಗತಿಗಳು ಎಷ್ಟೋ.

ಇಷ್ಟು ಕಡಿಮೆ ಕೇಳಿದರೆ ನಮ್ಮನ್ನು ಹಗುರವಾಗಿ ನೋಡಲ್ವಾ?

ನೋಡಲಿ ಬಿಡಿ. ಒಮ್ಮೆ ಕ್ರಿಯಾ ಯೋಜನೆಯಲ್ಲಿ ಒಂದು ಸಾಲು ಸೇರಿತು ಅಂದರೆ ಮುಂದಿನ ವರ್ಷ ಅದನ್ನು ತೆಗೆಯಲು ಕಾರಣ ಹೇಳಬೇಕು. ಸೇರಿಸುವುದೇ ಕಷ್ಟ, ಆಮೇಲೆ ಹೆಚ್ಚಿಸುವುದು ಅಷ್ಟು ಕಷ್ಟವಿಲ್ಲ.

ಯಾವ ತಿಂಗಳಲ್ಲಿ ಕೇಳಬೇಕು?

ಹಳ್ಳಿಯವರಾದರೆ ಅಕ್ಟೋಬರ್‌ನಿಂದ ಜನವರಿ ಒಳಗೆ. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿ ಗಾಂಧಿ ಜಯಂತಿಗೆ ಶುರುವಾಗುತ್ತದೆ. ವಾರ್ಡ್ ಸಭೆಯಲ್ಲಿ ಬೇಡಿಕೆ ಬರೆಸಬೇಕು, ಅದು ಗ್ರಾಮಸಭೆಗೆ ಬರುತ್ತದೆ, ಅಲ್ಲಿಂದ ಯೋಜನೆಗೆ. ಈ ಸಭೆಗಳು ಕನಿಷ್ಠ ಆರು ತಿಂಗಳಿಗೊಮ್ಮೆ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ಬ್ಯಾನರ್ ಕಟ್ಟಿ ಹತ್ತು ಜನರ ಸಹಿ ತಗೊಂಡು ಸಭೆ ಮುಗಿಸುವ ಊರುಗಳಲ್ಲಿ ದಿನಾಂಕ ತಿಳಿಯುವುದೇ ದೊಡ್ಡ ಕೆಲಸ. ಬಿಲ್ ಕಲೆಕ್ಟರ್ ಮತ್ತು ವಾಟರ್‌ಮನ್ ಜೊತೆ ಚೆನ್ನಾಗಿರಿ, ಮೊದಲು ಗೊತ್ತಾಗುವುದು ಅವರಿಗೆ.

ಪಟ್ಟಣದವರಾದರೆ ಪುರಸಭೆ, ನಗರಸಭೆಗಳು ಬಜೆಟ್‌ಗೆ ಮುಂಚೆ ಕರೆಯುವ ಆಯವ್ಯಯ ಪೂರ್ವಭಾವಿ ಸಭೆಗೆ ಹೋಗಿ. ಪೇಪರಿನಲ್ಲಿ ಚಿಕ್ಕದಾಗಿ ಪ್ರಕಟಣೆ ಬರುತ್ತದೆ. ಹೆಚ್ಚಿನ ಸಲ ಅಲ್ಲಿ ಕುರ್ಚಿ ಖಾಲಿ ಇರುತ್ತವೆ, ಬಂದ ನಾಲ್ಕು ಜನರ ಮಾತು ದಾಖಲಾಗುತ್ತದೆ.

ಮಾರ್ಚ್‌ನಲ್ಲಿ ಹೋದರೆ "ಫಂಡ್ ಖಾಲಿ" ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಹೋದರೆ "ಕ್ರಿಯಾ ಯೋಜನೆ ಆಗಲೇ ಆಗಿದೆ" ಅನ್ನುತ್ತಾರೆ. ಎರಡೂ ನಿಜವೇ.

ಮೊದಲು ರಂಗಮಂದಿರ ಕಟ್ಟಿಸಿಕೊಳ್ಳೋಣ, ಆಮೇಲೆ ಉಳಿದದ್ದು. ಸರಿಯಲ್ವಾ?

ಈ ವಿಷಯದಲ್ಲಿ ನಾನು ಜನರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಜಿಲ್ಲೆಗೊಂದು ಒಳ್ಳೆ ರಂಗಮಂದಿರ ಬೇಕು, ಒಪ್ಪಿದೆ. ಶಿವಮೊಗ್ಗದ ಕುವೆಂಪು ರಂಗಮಂದಿರ, ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇಲ್ಲದಿದ್ದರೆ ಆ ಊರುಗಳ ನಾಟಕ ಏನಾಗುತ್ತಿತ್ತು ಹೇಳಿ.

ಆದರೆ ಹೋಬಳಿ, ಹಳ್ಳಿ ಮಟ್ಟಕ್ಕೆ ಬಂದರೆ ಕತೆ ಬೇರೆ. ಕಟ್ಟಡಕ್ಕೆ ದುಡ್ಡು ತರುವುದು ಸುಲಭ. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಟೇಪು ಕತ್ತರಿಸಬಹುದು. ಹಾರ್ಮೋನಿಯಂ ಮೇಷ್ಟ್ರ ಸಂಬಳದ ಮೇಲೆ ಯಾರ ಹೆಸರು ಕೆತ್ತಲು ಆಗುತ್ತದೆ? ಹಾಗಾಗಿ ಊರೂರಿಗೆ ಸಮುದಾಯ ಭವನ, ಬಯಲು ರಂಗಮಂದಿರ ಎದ್ದಿವೆ. ಒಳಗೆ ಹೋಗಿ ನೋಡಿ. ವೇದಿಕೆ ಮೇಲೆ ಜೋಳದ ಚೀಲ ಅಥವಾ ಶಾಮಿಯಾನದ ಕಂಬ. ಬಣ್ಣ ಹಚ್ಚಿಕೊಳ್ಳಲು ಕೋಣೆ ಇಲ್ಲ, ಹೆಣ್ಣುಮಕ್ಕಳು ಸೀರೆ ಉಡಲು ಪಕ್ಕದ ಮನೆಗೆ ಹೋಗಬೇಕು. ವೇದಿಕೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಇರುವುದಿಲ್ಲ. ಕೀ ಯಾರ ಹತ್ತಿರ ಇದೆ ಅನ್ನುವುದೇ ಒಂದು ತನಿಖೆ.

ಹೊಸ ಕಟ್ಟಡ ಕೇಳುವ ಬದಲು ಇರುವುದರ ಕೀ ಕೇಳಿ. ವಾರದಲ್ಲಿ ಮೂರು ಸಂಜೆ ತಾಲೀಮಿಗೆ ಬಾಡಿಗೆ ಇಲ್ಲದೆ ಕೊಡಬೇಕು ಅಂತ ನಿರ್ಣಯ ಮಾಡಿಸಿ. ಶೌಚಾಲಯ, ಒಂದು ಕನ್ನಡಿ ಇರುವ ಕೋಣೆ, ನಾಲ್ಕು ಪ್ಲಗ್ ಪಾಯಿಂಟ್. ಶಾಸಕರ ನಿಧಿಯಿಂದ ಏನಾದರೂ ಬೇಕೇಬೇಕು ಅಂದರೆ ಇದನ್ನು ಕೇಳಿ.

ಊರಿಗೊಂದು ದೊಡ್ಡ ಉತ್ಸವ ಮಾಡಿಸಿದರೆ ಕಲೆಗೆ ಒಳ್ಳೆಯದಲ್ವಾ?

ಉತ್ಸವ ಊರಿಗೆ ಖುಷಿ, ವ್ಯಾಪಾರಕ್ಕೆ ಒಳ್ಳೆಯದು. ಹಂಪಿ ಉತ್ಸವ, ಮೈಸೂರು ದಸರಾ ನೋಡಿ ಪ್ರವಾಸಿಗರು ಬರುತ್ತಾರೆ. ಆದರೆ ಖರ್ಚಿನ ಪಟ್ಟಿ ನೋಡಿದರೆ ದೊಡ್ಡ ಭಾಗ ವೇದಿಕೆ, ಸೌಂಡು, ಲೈಟು, ಸಿನಿಮಾ ಗಾಯಕರಿಗೆ. ಮೆರವಣಿಗೆಯಲ್ಲಿ ಮೂರು ಕಿಲೋಮೀಟರ್ ಕುಣಿದ ವೀರಗಾಸೆ ತಂಡಕ್ಕೆ ಸಿಗುವುದು ಕೊನೆಯಲ್ಲಿ ಉಳಿದದ್ದು, ಅದೂ ತಿಂಗಳುಗಳ ನಂತರ. ಉತ್ಸವ ಬೇಡ ಅನ್ನಬೇಡಿ. ಸ್ಥಳೀಯ ತಂಡಗಳ ಸಂಭಾವನೆಯನ್ನು ಮೊದಲೇ ಬರೆದು ಘೋಷಿಸಿ ಅಂತ ಕೇಳಿ, ಹಣ ಯಾವ ದಿನ ಖಾತೆಗೆ ಬರುತ್ತದೆ ಅಂತಲೂ ಕೇಳಿ.

ಗ್ರಾಮಸಭೆಯಲ್ಲಿ ಏನು ಮಾತಾಡಬೇಕು?

ಮೂರು ನಿಮಿಷದಲ್ಲಿ ಮುಗಿಸಿ. ನಮ್ಮ ಕಲೆಗೆ ಎರಡು ಸಾವಿರ ವರ್ಷದ ಇತಿಹಾಸ ಇದೆ ಅಂತ ಶುರು ಮಾಡಿದರೆ ಮನೆ ಪಟ್ಟಿ ಕೇಳಲು ಬಂದ ಜನ ಕೂಗಾಡುತ್ತಾರೆ, ಅದು ಅವರ ತಪ್ಪಲ್ಲ.

ಯಾರು ಮಾತಾಡುತ್ತಾರೆ ಅನ್ನುವುದು ಮುಖ್ಯ. ಸಂಘದ ಅಧ್ಯಕ್ಷರಿಗಿಂತ ಕಲಿಯುತ್ತಿರುವ ಹುಡುಗಿಯ ತಾಯಿ ಎದ್ದು ಮಾತಾಡಲಿ. ಸ್ವಸಹಾಯ ಸಂಘದ ಅಕ್ಕಂದಿರು ಬೆಂಬಲಕ್ಕೆ ನಿಂತರೆ ಸದಸ್ಯರಿಗೆ ಇಲ್ಲ ಅನ್ನುವುದು ಕಷ್ಟ. ಶಾಲೆಯ ಹೆಡ್‌ಮಾಸ್ಟರಿಂದ ಒಂದು ಪತ್ರ ಇರಲಿ.

ಆಮೇಲೆ ನಿಜವಾದ ಕೆಲಸ. ನಡಾವಳಿ ಪುಸ್ತಕದಲ್ಲಿ ಏನು ಬರೆದರು ಅಂತ ಅಲ್ಲೇ ಓದಿಸಿ. "ಚರ್ಚಿಸಲಾಯಿತು" ಅಂತ ಇದ್ದರೆ ಏನೂ ಆಗಿಲ್ಲ ಅಂತ ಅರ್ಥ. ಹೀಗೆ ಇರಬೇಕು: "ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಮಕ್ಕಳಿಗೆ ಡೊಳ್ಳು ಕುಣಿತ ತರಬೇತಿಗಾಗಿ ಸ್ವಂತ ಸಂಪನ್ಮೂಲದಿಂದ ₹47,800 ಕಾಯ್ದಿರಿಸಲು ಸಭೆ ಒಪ್ಪಿ ನಿರ್ಣಯಿಸಿತು." ಉತ್ತರ ಕರ್ನಾಟಕದವರಾದರೆ ಠರಾವು ಅನ್ನಿ, ಒಟ್ಟಿನಲ್ಲಿ ಮೊತ್ತ ಮತ್ತು ಎಲ್ಲಿಂದ ಅನ್ನುವುದು ಬಿಟ್ಟುಹೋಗಬಾರದು.

ಶಾಸಕರನ್ನು ಹಿಡಿದರೆ ಒಂದೇ ದಿನಕ್ಕೆ ಆಗುತ್ತದಲ್ಲ?

ಆಗುತ್ತದೆ, ಒಂದು ಸಲ. ಮುಂದಿನ ಚುನಾವಣೆಯಲ್ಲಿ ಅವರು ಸೋತರೆ ನಿಮ್ಮ ತಂಡ "ಅವರ ಕಡೆಯವರು" ಆಗಿರುತ್ತದೆ. ಶಾಸಕರಿಗೂ ಹೇಳಿ, ಸೋತವರಿಗೂ ಹೇಳಿ, ಪತ್ರದ ನಕಲು ಇಬ್ಬರಿಗೂ ಕೊಡಿ.

ನಮ್ಮ ಸಂಘ ರಿಜಿಸ್ಟರ್ ಆಗಿಲ್ಲ. ಕೇಳಬಹುದಾ?

ಇಲಾಖೆಯ ಧನಸಹಾಯಕ್ಕೆ ನೋಂದಣಿ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಮಾಡಬಹುದು. ನೋಂದಣಿ ಸುಲಭ, ಪ್ರತಿ ವರ್ಷ ಲೆಕ್ಕಪತ್ರ ಕೊಟ್ಟು ಅದನ್ನು ಜೀವಂತ ಇಡುವುದು ಕಷ್ಟ. ನಾಲ್ಕು ವರ್ಷ ಬಿಟ್ಟು ಅರ್ಜಿ ಹಾಕುವ ದಿನ ಓಡುವವರೇ ಜಾಸ್ತಿ.

ಪಂಚಾಯಿತಿ ಮಟ್ಟದಲ್ಲಿ ಬೇರೆ ದಾರಿ ಇದೆ. ದುಡ್ಡು ಸಂಘಕ್ಕೆ ಬರಬೇಕು ಅಂತೇನಿಲ್ಲ. ತರಬೇತಿಯನ್ನು ಪಂಚಾಯಿತಿಯೇ ನಡೆಸಿ ಕಲಿಸುವವರ ಬ್ಯಾಂಕ್ ಖಾತೆಗೆ ನೇರವಾಗಿ ಹಾಕಲಿ ಅಂತ ಕೇಳಬಹುದು. ಜಾಗಕ್ಕೆ ಶಾಲೆ ಅಥವಾ ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಜಗುಲಿ ಸಾಕು. ಲೆಕ್ಕದ ತಲೆಬಿಸಿಯೂ ಕಡಿಮೆ, ಸಂಘದೊಳಗಿನ ಗುದ್ದಾಟವೂ ಕಡಿಮೆ.

ದುಡ್ಡು ಬಂತು. ಲೆಕ್ಕ ಹೇಗೆ ಇಡಬೇಕು?

ಚರ್ಮ ಹದ ಮಾಡಿ ಡೊಳ್ಳು ಕಟ್ಟಿಕೊಡುವವರು ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಅದಕ್ಕೆ ಹೆದರಿ ಸುಳ್ಳು ಬಿಲ್ ತರಬೇಡಿ. ಬಿಳಿ ಹಾಳೆಯ ಮೇಲೆ ರಶೀದಿ ಬರೆಸಿ: ಹೆಸರು, ಊರು, ಏನು ಕೆಲಸ, ಎಷ್ಟು ಹಣ, ತಾರೀಖು, ಸಹಿ ಅಥವಾ ಹೆಬ್ಬೆಟ್ಟು. ₹5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ಆದಷ್ಟು ಖಾತೆಗೇ ಹಾಕಿ.

ಹಾಜರಿ ಪುಸ್ತಕ ಇಡಿ, ತಿಂಗಳಿಗೊಂದು ಫೋಟೋ ತೆಗೆಯಿರಿ. ಹಣಬಳಕೆ ಪ್ರಮಾಣಪತ್ರವನ್ನು ಯಾರೂ ಕೇಳುವ ಮುಂಚೆಯೇ ಕೊಡಿ. ಖರ್ಚಿನ ಪಟ್ಟಿಯನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಿ ಬಿಡಿ. ಊರಲ್ಲಿ "ತಿಂದುಬಿಟ್ಟರು" ಅನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ಮಂಜೂರು ಮಾಡೋಕೆ ಪರ್ಸೆಂಟೇಜ್ ಕೇಳಿದರೆ?

ಕೊಡಬೇಡಿ. ಹೇಳುವುದು ಸುಲಭ ಅಂತ ಗೊತ್ತು. ಆದರೆ ಒಮ್ಮೆ ಕೊಟ್ಟರೆ ಅದನ್ನು ಮುಚ್ಚಲು ಸುಳ್ಳು ಬಿಲ್ ಮಾಡಬೇಕು, ಆಮೇಲೆ ಸಿಕ್ಕಿಬೀಳುವವರು ನೀವು. ಎಲ್ಲವನ್ನೂ ಬರಹದಲ್ಲಿ ಇಡಿ, ಸ್ವೀಕೃತಿ ಇಲ್ಲದೆ ಯಾವ ಪತ್ರವನ್ನೂ ಕೊಡಬೇಡಿ. ಚಿಕ್ಕ ಮೊತ್ತ ಕೇಳುವುದರಲ್ಲಿ ಇನ್ನೊಂದು ಲಾಭ ಇದು: ₹47,800ಕ್ಕೆ ಪರ್ಸೆಂಟೇಜ್ ಕೇಳಲು ಅವರಿಗೇ ಬೇಜಾರು.

ಸರ್ಕಾರದ ದುಡ್ಡು ತಗೊಂಡರೆ ಅವರು ಹೇಳಿದ್ದನ್ನೇ ಆಡಬೇಕಾಗುತ್ತದಲ್ವಾ?

ಈ ಭಯ ಸುಳ್ಳಲ್ಲ. ಬ್ರಿಟನ್‌ನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಮಾಡಿದಾಗ ಸರ್ಕಾರ ದುಡ್ಡು ಕೊಟ್ಟು ದೂರ ನಿಲ್ಲಬೇಕು ಅನ್ನುವ ಆಲೋಚನೆ ಇತ್ತು. ನಮ್ಮ ಅಕಾಡೆಮಿಗಳ ಹಿಂದೆಯೂ ಇದೇ ಆಸೆ. ಆದರೆ 2019ರಲ್ಲೂ 2023ರಲ್ಲೂ ಸರ್ಕಾರ ಬದಲಾದ ಕೂಡಲೇ ಅಕಾಡೆಮಿ ಅಧ್ಯಕ್ಷರ, ಸದಸ್ಯರ ನೇಮಕ ರದ್ದಾಯಿತು. ಬೇರೆ ಬೇರೆ ಪಕ್ಷ, ಒಂದೇ ಅಭ್ಯಾಸ.

ಅದಕ್ಕೇ ಹೇಳುವುದು, ಸಾರ್ವಜನಿಕ ದುಡ್ಡನ್ನು ತರಬೇತಿಗೆ, ವಾದ್ಯಕ್ಕೆ, ಜಾಗಕ್ಕೆ ಕೇಳಿ. ಯಾವ ನಾಟಕ ಆಡಬೇಕು ಅನ್ನುವ ಖರ್ಚನ್ನು ಟಿಕೆಟ್‌ನಿಂದ, ಊರಿನ ವಂತಿಗೆಯಿಂದ ಎತ್ತಿ. ಮದ್ದಳೆ ಕಲಿತ ಕೈಗೆ ಯಾವ ಪಕ್ಷವೂ ಇಲ್ಲ.

ಸರ್ಕಾರದ ಯೋಜನೆಗಳ ಪ್ರಚಾರಕ್ಕೆ ಮಾಡುವ ಬೀದಿ ನಾಟಕ, ಕಲಾ ಜಾಥಾಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಕೆಲಸ, ಅದಕ್ಕೆ ಕೂಲಿ. ಮಾಡಿ, ತಪ್ಪಿಲ್ಲ. ಆದರೆ "ನಿಮಗೆ ಜಾಥಾ ಕೊಟ್ಟಿದ್ದೇವಲ್ಲ" ಅಂತ ಕಲೆಯ ಅನುದಾನ ತಪ್ಪಿಸಲು ಬಂದರೆ ಒಪ್ಪಬೇಡಿ.

ಯಾವ ಕಲೆಗೆ ಮೊದಲು? ಊರಲ್ಲಿ ಜಗಳ ಶುರುವಾಗಿದೆ.

ಆಗೇ ಆಗುತ್ತದೆ. ಹೆಚ್ಚಿನ ಕಡೆ ಗುಡಿಯ ಭಜನಾ ಮಂಡಳಿ ಅಥವಾ ಊರ ದೊಡ್ಡವರ ನಾಟಕ ಸಂಘವೇ ಮುಂದೆ ನಿಲ್ಲುತ್ತದೆ. ಕೇರಿಯ ತಮಟೆಯವರು, ಊರಾಚೆ ಗುಡಾರದಲ್ಲಿರುವ, ತೊಗಲು ಗೊಂಬೆ ಆಡಿಸುವ ಕಿಳ್ಳೇಕ್ಯಾತರು, ಚೌಡಿಕೆ ಹಿಡಿದ ಜೋಗತಿಯರು ಸಭೆಗೆ ಬರುವುದೇ ಇಲ್ಲ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬದುಕಿಡೀ ತೊಗಲು ಗೊಂಬೆ ಆಡಿಸಿದವರಿಗೆ ಆಗ ತೊಂಬತ್ತು ದಾಟಿತ್ತು. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೂ ಪದ್ಮಶ್ರೀ. ದೆಹಲಿಯವರಿಗೆ ಕಂಡವರು ಎಷ್ಟೋ ಪಂಚಾಯಿತಿಗಳಿಗೆ ಇನ್ನೂ ಕಾಣುವುದಿಲ್ಲ.

ನಮ್ಮ ಸಲಹೆ: ಮೊದಲ ವರ್ಷ ಊರಲ್ಲಿ ಏನೇನು ಕಲೆ ಇದೆ ಅಂತ ಪಟ್ಟಿ ಮಾಡಿ. ತತ್ವಪದ, ಸೋಬಾನೆ ಪದ, ಮೊಹರಂ ಹೆಜ್ಜೆ ಕುಣಿತ, ರಿವಾಯತ್ ಪದ, ಚರ್ಚಿನ ಹಾಡಿನ ತಂಡ ಎಲ್ಲ ಇರಲಿ. ಹೇಳಿಕೊಡುವವರು ಒಬ್ಬರೇ ಉಳಿದಿರುವ ಕಲೆ ಯಾವುದೋ ಅದಕ್ಕೆ ಮೊದಲ ಹಣ. ಈ ಮಾತಿಗೆ ಜಗಳ ಮಾಡುವವರು ಕಡಿಮೆ.

ವಯಸ್ಸಾದ ಕಲಾವಿದರಿಗೆ ಮಾಸಾಶನ ಸಿಗುತ್ತದಲ್ಲ?

ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಇಲಾಖೆಯಿಂದ ಇದೆ. ವಯಸ್ಸಿನ ದಾಖಲೆ, ಆದಾಯ ಪ್ರಮಾಣಪತ್ರ, ಪ್ರದರ್ಶನ ಕೊಟ್ಟದ್ದಕ್ಕೆ ಪುರಾವೆ ಕೇಳುತ್ತಾರೆ. ತೊಡಕಾಗುವುದು ಪುರಾವೆಯಲ್ಲೇ. ನಲವತ್ತು ವರ್ಷ ಕುಣಿದವರ ಹತ್ತಿರ ಒಂದು ಕರಪತ್ರವೂ ಇರುವುದಿಲ್ಲ. ನಿಮ್ಮ ಸಂಘ ಮಾಡುವ ಪ್ರತಿ ಕಾರ್ಯಕ್ರಮದ ಕರಪತ್ರದಲ್ಲಿ ಎಲ್ಲರ ಹೆಸರೂ ಹಾಕಿ, ಹಿಮ್ಮೇಳದವರದ್ದೂ.

ದುಡ್ಡು ಬಿಟ್ಟು ಬೇರೇನು ಕೇಳಬಹುದು?

ತುಂಬಾ ಇದೆ. ಭವನದ ಬಾಡಿಗೆ ಮನ್ನಾ, ಪ್ರದರ್ಶನದ ರಾತ್ರಿ ವಿದ್ಯುತ್, ಕುಡಿಯುವ ನೀರಿನ ಟ್ಯಾಂಕರ್, ಕಸ ತೆಗೆಸುವುದು. ರಾತ್ರಿ 10ರ ನಂತರ ಮೈಕ್ ಹಾಕುವಂತಿಲ್ಲ ಅನ್ನುವ 2000ದ ಶಬ್ದ ಮಾಲಿನ್ಯ ನಿಯಮ ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ದೊಡ್ಡ ಪೆಟ್ಟು. ವರ್ಷದಲ್ಲಿ 15 ದಿನದವರೆಗೆ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಮಧ್ಯರಾತ್ರಿ 12ರ ತನಕ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅದೇ ನಿಯಮದಲ್ಲಿ ಅವಕಾಶ ಇದೆ. ಆ ದಿನಗಳಲ್ಲಿ ನಿಮ್ಮ ಆಟದ ದಿನವೂ ಸೇರಲಿ ಅಂತ ತಹಶೀಲ್ದಾರರಿಗೆ, ಠಾಣೆಗೆ ಮುಂಚೆಯೇ ಬರೆಯಿರಿ.

ಟಿಕೆಟ್ ಇಟ್ಟು ನಾಟಕ ಆಡುವವರಿಗೆ ಒಂದು ಸಮಾಧಾನ: ₹500 ದಾಟದ ನಾಟಕದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ.

ನಾವು ಬೆಂಗಳೂರಿನಲ್ಲಿದ್ದೇವೆ, ಹೊರದೇಶದಲ್ಲಿದ್ದೇವೆ. ಊರಿನ ತಂಡಕ್ಕೆ ದುಡ್ಡು ಕಳಿಸಿದರೆ ಸಾಕಲ್ವಾ?

ಕಳಿಸಿ, ಆದರೆ ಷರತ್ತು ಹಾಕಿ ಕಳಿಸಿ. ಪೂರ್ತಿ ನೀವೇ ಕೊಟ್ಟರೆ ಪಂಚಾಯಿತಿ ಕೈ ತೊಳೆದುಕೊಳ್ಳುತ್ತದೆ. ನಿಮ್ಮ ಉತ್ಸಾಹ ಎರಡು ವರ್ಷಕ್ಕೆ ತಣ್ಣಗಾದರೆ ತರಗತಿಯೂ ನಿಲ್ಲುತ್ತದೆ. "ಪಂಚಾಯಿತಿ ಎಷ್ಟು ಇಡುತ್ತದೋ ಅಷ್ಟೇ ನಾವೂ ಹಾಕುತ್ತೇವೆ" ಅಂತ ಪತ್ರ ಬರೆಯಿರಿ. ಸಭೆಯಲ್ಲಿ ಆ ಪತ್ರ ಓದಿದರೆ ಸದಸ್ಯರ ಲೆಕ್ಕಾಚಾರ ಬದಲಾಗುತ್ತದೆ.

ಕೇಳಿದೆವು, ಕೊಡಲಿಲ್ಲ. ಮುಂದೇನು?

ಮೊದಲ ವರ್ಷವೇ ಸಿಗುವುದು ಅಪರೂಪ. ಯಾಕೆ ಕೊಡಲಿಲ್ಲ ಅಂತ ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ₹10 ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಕೇಳಬೇಕಾದದ್ದು ಎರಡೇ: ಕಳೆದ ಮೂರು ವರ್ಷದಲ್ಲಿ ಸಾಂಸ್ಕೃತಿಕ ಚಟುವಟಿಕೆಗೆ ಎಷ್ಟು ಖರ್ಚಾಗಿದೆ, ಯಾವುದಕ್ಕೆ. ಬಹಳ ಕಡೆ ಬರುವ ಉತ್ತರ ಸೊನ್ನೆ, ಇಲ್ಲವೇ ರಾಷ್ಟ್ರೀಯ ಹಬ್ಬದ ಶಾಮಿಯಾನ ಮತ್ತು ಲಾಡು. ಸಿಟ್ಟಿನಿಂದ ಪೇಪರಿಗೆ ಕೊಡುವ ಮುಂಚೆ ಅದನ್ನು ಅಧ್ಯಕ್ಷರಿಗೆ ತೋರಿಸಿ. ಪೇಪರಿನಲ್ಲಿ ಬಂದ ಮೇಲೆ ಅವರು ಶತ್ರು, ಮುಂಚೆಯೇ ತೋರಿಸಿದರೆ ಮುಂದಿನ ಸಭೆಯಲ್ಲಿ ವಿಷಯ ಎತ್ತುವವರು ಅವರೇ ಆಗಬಹುದು.

ತರಗತಿಯನ್ನು ಮಾತ್ರ ನಿಲ್ಲಿಸಬೇಡಿ, ಹತ್ತು ಮಕ್ಕಳಾದರೂ ಸರಿ. ಮುಂದಿನ ವಾರ್ಡ್ ಸಭೆಗೆ ಕಳೆದ ಸಲದ ನಡಾವಳಿಯ ನಕಲು, ಹಾಜರಿ ಪುಸ್ತಕ, ಹೊಸ ಖರ್ಚಿನ ಪಟ್ಟಿ ಮೂರನ್ನೂ ತಗೊಂಡು ಹೋಗಿ. ಡೊಳ್ಳಿನ ಚರ್ಮದ ದರ ಅಷ್ಟರಲ್ಲಿ ಏರಿರುತ್ತದೆ, ಪಟ್ಟಿಯಲ್ಲಿ ತಿದ್ದಿಕೊಳ್ಳಿ.